ಚಿತ್ರದ ಹುಚ್ಚೇ ದಾರಿಯಾಯಿತು

ಮೂರನೇ ಸೆಮಿಸ್ಟರ್ ಫಲಿತಾಂಶ ಬಂದ ದಿನ ಅಮರಗೋಳದ ನಮ್ಮ ಮನೆಯಲ್ಲಿ ಯಾರೂ ಸರಿಯಾಗಿ ಊಟ ಮಾಡಲಿಲ್ಲ. ನನಗೆ ಎರಡು ವಿಷಯ ಬ್ಯಾಕ್ ಉಳಿದಿದ್ದವು. ಎಪಿಎಂಸಿಯ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುವ ಅಪ್ಪ ಬೈಯಲಿಲ್ಲ. ನನ್ನ ಚಿತ್ರದ ಪುಸ್ತಕವನ್ನು ಅಟ್ಟಕ್ಕೆ ಹಾಕಿದರು, ಅಷ್ಟೆ. ಬಿಇ ಬಿಟ್ಟುಬಿಡೋಣ ಎಂದುಕೊಂಡಿದ್ದಾಗಲೇ ಸ್ಪೇನ್‌ನ ವಿಜ್ಞಾನಿ ಸ್ಯಾಂಟಿಯಾಗೊ ರಮೋನ್ ಇ ಕಹಾಲ್ ಅವರ ಬದುಕಿನ ಬಗ್ಗೆ ಓದಿದೆ.

1852ರಲ್ಲಿ ಹುಟ್ಟಿದ ಕಹಾಲ್‌ಗೆ ಚಿತ್ರಕಾರನಾಗುವ ಆಸೆ. ವೈದ್ಯರಾಗಿದ್ದ ತಂದೆಗೆ ಅದು ಸುತರಾಂ ಇಷ್ಟವಿರಲಿಲ್ಲ. ತುಂಟತನ ಮಿತಿಮೀರಿದಾಗ ಮಗನನ್ನು ಕ್ಷೌರಿಕರ ಬಳಿ, ಬೂಟು ಹೊಲಿಯುವವರ ಬಳಿ ಕೆಲಸಕ್ಕೆ ಹಚ್ಚಿದರು. ಮುಂದೆ ಅದೇ ತಂದೆ ಎಲುಬುಗಳನ್ನು ಮುಂದಿಟ್ಟು ಅಂಗರಚನೆ ಕಲಿಸಿದರು. ಎಲುಬುಗಳ ಚಿತ್ರ ಬರೆಯುತ್ತ ಹುಡುಗನಿಗೆ ಓದೂ ರುಚಿಸಿತು. 1873ರಲ್ಲಿ ವೈದ್ಯನಾಗಿ, ಸೈನ್ಯದೊಂದಿಗೆ ಕ್ಯೂಬಾಕ್ಕೆ ಹೋಗಿ ಮಲೇರಿಯಾ ಅಂಟಿಸಿಕೊಂಡು ಮರಳಿದರು.

1887ರಲ್ಲಿ ಅವರು ಇಟಲಿಯ ಗಾಲ್ಜಿ ಕಂಡುಹಿಡಿದ ಬೆಳ್ಳಿ ಲವಣದ ವಿಧಾನವನ್ನು ನೋಡಿದರು. ಅದರಲ್ಲಿ ಕೆಲವೇ ನರಕೋಶಗಳು ಕಪ್ಪಾಗಿ ರೆಂಬೆಕೊಂಬೆ ಸಮೇತ ಕಾಣುತ್ತವೆ. ಬೆಳೆದ ಮೆದುಳಿನಲ್ಲಿ ಎಲ್ಲವೂ ಸಿಕ್ಕುಸಿಕ್ಕು. ಹಾಗಾಗಿ ಕಹಾಲ್ ಭ್ರೂಣಗಳ, ಎಳೆಯ ಪ್ರಾಣಿಗಳ ಮೆದುಳನ್ನು ಆರಿಸಿಕೊಂಡರು. ಹಿಮ್ಮೆದುಳಿನ ಭಾಗವಾದ ಅನುಮಸ್ತಿಷ್ಕದಲ್ಲಿ ಸೋಜಿಗವೊಂದು ಕಂಡಿತು. ಅಲ್ಲಿನ ಪುಟಾಣಿ ಕೋಶಗಳು ಹೊರ ಅಂಚಿನಲ್ಲಿ ಹುಟ್ಟಿ ಒಳಪದರಕ್ಕೆ ವಲಸೆ ಹೋಗುತ್ತವೆ. ಹೋಗುವಾಗ ಹಿಂದೆ ಒಂದು ಎಳೆಯನ್ನು ಬಿಡುತ್ತವೆ. ಮುಂದೆ ಸಂದೇಶ ಸಾಗುವುದು ಆ ಎಳೆಯ ಮೂಲಕವೇ. ಮಗು ಹುಟ್ಟಿದ ಮೇಲೂ ತಿಂಗಳುಗಟ್ಟಲೆ ಈ ಪಯಣ ನಡೆಯುತ್ತದೆ.

ಕೋಶಗಳು ಚಲಿಸಿದ್ದನ್ನು ಕಹಾಲ್ ಕಣ್ಣಾರೆ ಕಂಡಿರಲಿಲ್ಲ. ಬೇರೆ ಬೇರೆ ವಯಸ್ಸಿನ ನಿರ್ಜೀವ ಚೂರುಗಳನ್ನು ಚಿತ್ರ ಬರೆದು, ಹೋಲಿಸಿ ಊಹಿಸಿದರು. ಚಿತ್ರ ಬರೆಯುವ ಕೈ ಇಲ್ಲದಿದ್ದರೆ ಇದು ಸಾಧ್ಯವಿತ್ತೇ?

ನರಮಂಡಲವೆಲ್ಲ ಒಂದೇ ಹೆಣೆದ ಬಲೆ ಎಂದು ಆಗ ಹಲವರು ನಂಬಿದ್ದರು. ಪ್ರತಿ ನರಕೋಶವೂ ಪ್ರತ್ಯೇಕ ಎಂದರು ಕಹಾಲ್. ಕೇಳುವವರಿರಲಿಲ್ಲ. 1888ರಲ್ಲಿ ಸ್ವಂತ ದುಡ್ಡಿನಲ್ಲಿ ಪತ್ರಿಕೆ ಅಚ್ಚು ಹಾಕಿಸಿದರು. ಮರುವರ್ಷ ಬರ್ಲಿನ್‌ಗೆ ಹೋಗಿ ಸೂಕ್ಷ್ಮದರ್ಶಕದಲ್ಲಿ ತೋರಿಸಿದ ಮೇಲೆ ದೊಡ್ಡ ವಿಜ್ಞಾನಿಗಳು ಒಪ್ಪಿದರು. 1906ರ ನೊಬೆಲ್ ಅವರಿಗೂ ಗಾಲ್ಜಿಗೂ ಒಟ್ಟಿಗೆ ಬಂತು. ಗಾಲ್ಜಿ ಮಾತ್ರ ಆ ವೇದಿಕೆಯಲ್ಲೂ ಕಹಾಲ್ ವಾದವನ್ನು ಒಪ್ಪಲಿಲ್ಲ. ಕಹಾಲ್ 1934ರಲ್ಲಿ ತೀರಿಕೊಂಡರು.

ಗೆಳೆಯರೇ, ನನ್ನದು ಅಂಥ ಸಾಧನೆಯೇನಲ್ಲ. ಅಟ್ಟದಿಂದ ಪುಸ್ತಕ ಇಳಿಸಿ, ಸರ್ಕ್ಯೂಟ್‌ಗಳನ್ನು ಚಿತ್ರ ಬರೆದೇ ಓದತೊಡಗಿದೆ. ಒಂದು ಬ್ಯಾಕ್ ಪಾಸಾಯಿತು, ಇನ್ನೊಂದು ಬಾಕಿಯಿದೆ. ಮೊನ್ನೆ ಅಪ್ಪ ಆ ಪುಸ್ತಕ ತಿರುವಿ ನೋಡಿದರು. ಮತ್ತೆ ಅಟ್ಟಕ್ಕೆ ಹಾಕಲಿಲ್ಲ.