ಟಪಾಲಿನ ವಿಮಾನದಿಂದ ಲೋಕಯಾನದವರೆಗೆ: ಜೆ. ಆರ್. ಡಿ. ಟಾಟಾ

ವ್ಯಾಪಾರವೆಂದರೆ ಲಾಭ, ಸೇವೆಯೆಂದರೆ ನಷ್ಟ ಎಂಬ ಭಾವನೆ ನಮ್ಮ ಜನರಲ್ಲಿ ಬಹಳ ಕಾಲದಿಂದ ಬೇರೂರಿದೆ. ಇವೆರಡೂ ಒಂದೇ ಸೂರಿನಡಿ ಬಾಳಲಾರವೆಂದು ವಾದಿಸುವವರು ನಮ್ಮ ಅರ್ಥಶಾಸ್ತ್ರದ ತರಗತಿಯಲ್ಲಿಯೂ ಇದ್ದಾರೆ. ಆ ವಾದಕ್ಕೆ ಉತ್ತರರೂಪವಾಗಿ ಭಾರತದ ವಿಮಾನಯಾನದ ಪಿತಾಮಹರೆನಿಸಿದ ಜಹಾಂಗೀರ್ ರತನ್‌ಜಿ ದಾದಾಭಾಯಿ ಟಾಟಾ ಅವರ ಜೀವನವನ್ನು ವಾಚಕರ ಮುಂದಿಡಬಯಸುತ್ತೇನೆ.

ನಾನು ದಾಂಡೇಲಿಯ ಬಳಿಯ ಮೌಳಂಗಿಯವನು. ಕಾಳಿ ನದಿಯ ದಂಡೆಯ ನಮ್ಮ ಊರಿಗೂ ವಿಮಾನಕ್ಕೂ ಎತ್ತಣ ಸಂಬಂಧವೆಂದು ಯಾರಾದರೂ ಕೇಳಬಹುದು. ಆದರೆ ಕಾಗದದ ಗಿರಣಿ, ಸೂಪಾದ ಅಣೆಕಟ್ಟು, ಕಾಡಿನ ಕೆಲಸ ಇವುಗಳ ನಡುವೆ ಬೆಳೆದ ಈ ಭಾಗದವರಿಗೆ ಉದ್ಯಮದ ಎರಡು ಮುಖಗಳೂ ಪರಿಚಿತ. ಅದು ಅನ್ನವನ್ನು ಕೊಡುತ್ತದೆ. ಪ್ರತಿಯಾಗಿ ನೆಲವನ್ನೂ ನೀರನ್ನೂ ಕೇಳುತ್ತದೆ. ತಾನು ನಿಂತ ಸಮಾಜಕ್ಕೆ ಒಂದು ಸಂಸ್ಥೆ ಏನನ್ನು ಸಲ್ಲಿಸಬೇಕೆಂಬುದು ನಮ್ಮ ಮನೆಬಾಗಿಲಿನ ಪ್ರಶ್ನೆಯೇ ಆಗಿದೆ.

ಟಾಟಾ ಅವರು 1904ರ ಜುಲೈ 29ರಂದು ಪ್ಯಾರಿಸ್ ನಗರದಲ್ಲಿ ಜನಿಸಿದರು. ತಂದೆ ಪಾರಸಿಗಳು, ತಾಯಿ ಫ್ರೆಂಚ್ ಮಹಿಳೆ. ತರುಣ ಜಹಾಂಗೀರರು ಫ್ರಾನ್ಸಿನ ಸೈನ್ಯದಲ್ಲಿ ಕೆಲಕಾಲ ಸೇವೆ ಸಲ್ಲಿಸಿ, 1925ರಲ್ಲಿ ಟಾಟಾ ಸಂಸ್ಥೆಯನ್ನು ಉಮೇದುವಾರರಾಗಿ ಸೇರಿದರು. ಮರುವರ್ಷವೇ ತಂದೆ ತೀರಿಕೊಂಡರು. 1929ರ ಫೆಬ್ರವರಿ 10ರಂದು ಭಾರತದಲ್ಲಿ ವಿಮಾನ ಚಾಲನೆಯ ಮೊದಲನೆಯ ಪರವಾನಗಿ ಅವರ ಕೈಸೇರಿತು. ಅದೇ ವರ್ಷ ಅವರು ಫ್ರೆಂಚ್ ಪೌರತ್ವವನ್ನು ತ್ಯಜಿಸಿದರು.

ಅವರ ಸ್ವಭಾವವನ್ನು ತೋರಿಸಲು 1930ರ ಒಂದು ಪ್ರಸಂಗ ಸಾಕು. ಇಂಗ್ಲೆಂಡಿಗೂ ಭಾರತಕ್ಕೂ ನಡುವೆ ಒಬ್ಬನೇ ಹಾರಿ ತಲುಪುವ ಭಾರತೀಯನಿಗೆ ಆಗಾ ಖಾನರು ಬಹುಮಾನವನ್ನು ಸಾರಿದ್ದರು. ಟಾಟಾ ಕರಾಚಿಯಿಂದ ಹೊರಟರು. ಆಸ್ಪಿ ಇಂಜಿನಿಯರ್ ಎಂಬ ಹುಡುಗ ಇಂಗ್ಲೆಂಡಿನಿಂದ ಈ ಕಡೆಗೆ ಹೊರಟಿದ್ದ. ಈಜಿಪ್ಟಿನಲ್ಲಿ ಇಬ್ಬರೂ ಸಂಧಿಸಿದಾಗ ಆಸ್ಪಿಯ ಯಂತ್ರದ ಪ್ಲಗ್ಗುಗಳು ಕೆಟ್ಟಿದ್ದವು. ಟಾಟಾ ತಮ್ಮಲ್ಲಿದ್ದುದನ್ನು ಕೊಟ್ಟರು. ಬಹುಮಾನ ಆಸ್ಪಿಯ ಪಾಲಾಯಿತು. ಆ ಹುಡುಗನೇ ಮುಂದೆ 1960ರಲ್ಲಿ ಭಾರತದ ವಾಯುಪಡೆಯ ಮುಖ್ಯಸ್ಥನಾದ.

ವಿಮಾನ ಸಂಸ್ಥೆಯ ಯೋಜನೆಯನ್ನು ಮೊದಲು ತಂದವರು ನೆವಿಲ್ ವಿನ್ಸೆಂಟ್ ಎಂಬ ಬ್ರಿಟಿಷ್ ವೈಮಾನಿಕರು. ಹಿರಿಯರಾದ ದೊರಾಬ್ಜಿ ಟಾಟಾ ಅವರಿಗೆ ಇದರಲ್ಲಿ ಅಷ್ಟಾಗಿ ಉತ್ಸಾಹವಿರಲಿಲ್ಲ; ಎರಡು ಲಕ್ಷ ರೂಪಾಯಿಗಳಿಗೆ ಹೇಗೋ ಒಪ್ಪಿಗೆ ದೊರೆಯಿತು. ಅಂದಿನ ಸರಕಾರ ಸಹಾಯಧನ ಕೊಡಲೊಲ್ಲದು. ಆಗ ಟಾಟಾ ಅವರು ಹಾಕಿದ ಲೆಕ್ಕ ಬಹಳ ಸರಳವಾದುದು. ಪ್ರಯಾಣಿಕರು ಹೆದರಿ ಬರಲಿಕ್ಕಿಲ್ಲ, ಆದರೆ ಟಪಾಲಿಗೆ ಹೆದರಿಕೆಯಿಲ್ಲ. ಲಂಡನ್ನಿನ ಟಪಾಲು ಇಂಪೀರಿಯಲ್ ಏರ್‌ವೇಸಿನ ವಿಮಾನದಲ್ಲಿ ಕರಾಚಿಯವರೆಗೆ ಬರುತ್ತಿತ್ತು. ಅದನ್ನು ಅಲ್ಲಿಂದ ಮುಂದಕ್ಕೆ ಒಯ್ದು, ಒಯ್ದ ತೂಕಕ್ಕೆ ತಕ್ಕಂತೆ ಹಣ ಪಡೆಯುವುದು. ಸಣ್ಣದಾಗಿ ತೊಡಗಿ, ವೇಳೆಗೆ ಸರಿಯಾಗಿ ಮುಟ್ಟಿಸಿ, ವಿಶ್ವಾಸ ಗಳಿಸಿ, ಆಮೇಲೆ ಬೆಳೆಯುವುದು. ಇದೇ ಅವರ ವ್ಯಾಪಾರನೀತಿ.

1932ರ ಅಕ್ಟೋಬರ್ 15ರಂದು ಟಾಟಾ ಅವರೇ ಪುಸ್ ಮಾತ್ ಎಂಬ ಪುಟ್ಟ ವಿಮಾನದಲ್ಲಿ ಕರಾಚಿಯಿಂದ ಅಹಮದಾಬಾದಿನ ಮೂಲಕ ಮುಂಬಯಿಯ ಜುಹುವಿಗೆ ಟಪಾಲನ್ನು ತಂದರು. ಅಹಮದಾಬಾದಿನಲ್ಲಿ ವಿಮಾನಕ್ಕೆ ಬೇಕಾದ ಪೆಟ್ರೋಲು ಎತ್ತಿನ ಗಾಡಿಯಲ್ಲಿ ಬಂದಿತ್ತು! ಮುಂಬಯಿಯಿಂದ ಮುಂದೆ ವಿನ್ಸೆಂಟರು ಅದನ್ನು, ಆಗ ಮದ್ರಾಸ್ ಪ್ರಾಂತ್ಯದಲ್ಲಿದ್ದ ನಮ್ಮ ಬಳ್ಳಾರಿಯ ಮಾರ್ಗವಾಗಿ, ಮದ್ರಾಸಿಗೆ ಒಯ್ದರು. ಹೀಗೆ ಭಾರತದ ಮೊದಲ ವಿಮಾನ ಸಂಸ್ಥೆ ಹುಟ್ಟಿದ ಕಾಲಕ್ಕೇ ಕನ್ನಡ ನೆಲವನ್ನು ಮುಟ್ಟಿತು. ರೇಡಿಯೋ ಇಲ್ಲ, ದೀಪಗಳಿಲ್ಲ. ಮಳೆಗಾಲದಲ್ಲಿ ಜುಹುವಿನ ಮೈದಾನ ಕೆಸರಾಗಿ, ಪುಣೆಗೆ ಹೋಗಬೇಕಾಗುತ್ತಿತ್ತು. ಹೀಗಿದ್ದರೂ 1933ರಲ್ಲಿ ಈ ಸಂಸ್ಥೆ 1,60,000 ಮೈಲು ಹಾರಿ, 155 ಪ್ರಯಾಣಿಕರನ್ನೂ ಸುಮಾರು ಹತ್ತೂವರೆ ಟನ್ನು ಟಪಾಲನ್ನೂ ಸಾಗಿಸಿತು.

1938ರಲ್ಲಿ, 34ನೆಯ ವಯಸ್ಸಿಗೇ, ಟಾಟಾ ಸಂಸ್ಥೆಗಳೆಲ್ಲದರ ಹೊಣೆ ಅವರ ಹೆಗಲೇರಿತು. 1946ರಲ್ಲಿ ವಿಮಾನ ಸಂಸ್ಥೆಯು ಏರ್ ಇಂಡಿಯಾ ಎಂಬ ಹೆಸರು ತಾಳಿತು. ಸ್ವಾತಂತ್ರ್ಯಾನಂತರ ಸರಕಾರವು 49 ಪಾಲು ಬಂಡವಾಳ ಹಾಕಿ ಜೊತೆಗೂಡಿತು. 1948ರ ಜೂನ್ 8ರಂದು ಮಲಬಾರ್ ಪ್ರಿನ್ಸೆಸ್ ಎಂಬ ವಿಮಾನ ಮುಂಬಯಿಯಿಂದ ಲಂಡನ್ನಿಗೆ ಹೊರಟಿತು.

ಅವರ ನಿಜವಾದ ಪರೀಕ್ಷೆ ಬಂದುದು 1953ರಲ್ಲಿ. ಸರಕಾರವು ವಿಮಾನ ಸಂಸ್ಥೆಗಳೆಲ್ಲವನ್ನೂ ರಾಷ್ಟ್ರೀಕರಿಸಿತು. ತಮ್ಮೊಡನೆ ಸರಿಯಾಗಿ ಆಲೋಚಿಸದೆ ಮಾಡಿದರೆಂದು ಟಾಟಾ ಅವರಿಗೆ ತುಂಬ ನೋವಾಯಿತು. ಕೈತಪ್ಪಿದ ಸೊತ್ತಿನ ಮೇಲೆ ಯಾರಿಗೆ ಮಮತೆಯುಳಿದೀತು? ಆದರೆ ಅದರ ಅಧ್ಯಕ್ಷತೆಯನ್ನು ವಹಿಸಲು ಕೇಳಿದಾಗ ಅವರು ಒಪ್ಪಿದರು. ಮುಂದೆ ಸುಮಾರು 25 ವರ್ಷ, ತಮ್ಮದಲ್ಲದ ಸಂಸ್ಥೆಯನ್ನು ತಮ್ಮದೆಂಬಂತೆ, ಸಂಬಳವಿಲ್ಲದೆ ನೋಡಿಕೊಂಡರು. ಪ್ರಯಾಣ ಮಾಡಿದಾಗಲೆಲ್ಲ ಕಾಫಿಯ ರುಚಿ, ಪರದೆಯ ಬಣ್ಣ, ಶೌಚಾಲಯದ ನೈರ್ಮಲ್ಯ ಎಲ್ಲವನ್ನೂ ಗುರುತು ಹಾಕಿಕೊಂಡು ಬಂದು ಅಧಿಕಾರಿಗಳಿಗೆ ಬರೆಯುತ್ತಿದ್ದರು. 1960ರಲ್ಲಿ ಬೋಯಿಂಗ್ ಜೆಟ್ ವಿಮಾನಗಳು ಬಂದವು. 1962ರ ಹೊತ್ತಿಗೆ ಏರ್ ಇಂಡಿಯಾ ಜೆಟ್‌ಗಳನ್ನಷ್ಟೇ ಹಾರಿಸುವ ಜಗತ್ತಿನ ಮೊದಲ ಸಂಸ್ಥೆಯೆನಿಸಿತು. ಶ್ರೀಮಂತ ರಾಷ್ಟ್ರಗಳಷ್ಟು ವಿಮಾನಗಳು ತಮ್ಮಲ್ಲಿಲ್ಲದಿರುವಾಗ, ಉಪಚಾರ ಮತ್ತು ವೇಳೆಯ ನಿಷ್ಠೆಯಿಂದಲೇ ಅವರಿಗೆ ಸಮನಾಗಬೇಕೆಂಬುದು ಅವರ ಹಟವಾಗಿತ್ತು.

ಉಕ್ಕಿನ ಕಾರಖಾನೆಯಲ್ಲಿಯೂ ಅವರದು ಇದೇ ದೃಷ್ಟಿ. 1970ರಲ್ಲಿ ಟಾಟಾ ಉಕ್ಕಿನ ಕಂಪನಿಯ ನಿಯಮಾವಳಿಯನ್ನೇ ತಿದ್ದಿ, ಕೆಲಸಗಾರರು, ಗಿರಾಕಿಗಳು ಮತ್ತು ಸುತ್ತಲ ಸಮಾಜ ಇವರೆಲ್ಲರಿಗೂ ಕಂಪನಿಯು ಋಣಿಯೆಂದು ಬರೆಯಿಸಿದರು. ದಾನವು ಮನಸ್ಸು ಬಂದಾಗ ಮಾಡುವುದು. ನಿಯಮವು ಮನಸ್ಸಿಲ್ಲದಾಗಲೂ ನಡೆಯಬೇಕಾದುದು. ಆ ತಿದ್ದುಪಡಿಯ ಹೆಚ್ಚುಗಾರಿಕೆ ಇರುವುದು ಇಲ್ಲಿಯೇ ಎಂದು ನನಗೆ ತೋರುತ್ತದೆ.

ನಮ್ಮ ಭಾಗದವರು ಮರೆಯಬಾರದ ಸಂಗತಿಯೊಂದಿದೆ. 1974ರಲ್ಲಿ ಹುಬ್ಬಳ್ಳಿಯಲ್ಲಿ ಇಂಜಿನಿಯರಿಂಗ್ ಓದಿ, ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಲ್ಲಿ ವ್ಯಾಸಂಗ ಮಾಡುತ್ತಿದ್ದ ಸುಧಾ ಕುಲಕರ್ಣಿ (ಇಂದಿನ ಸುಧಾ ಮೂರ್ತಿ) ಅವರು ಟಾಟಾರ ಟೆಲ್ಕೊ ಕಂಪನಿಯ ಜಾಹೀರಾತೊಂದನ್ನು ಕಂಡರು. ಮಹಿಳೆಯರು ಅರ್ಜಿ ಹಾಕುವಂತಿಲ್ಲವೆಂದು ಅದರಲ್ಲಿತ್ತು. ಅವರು ಸಿಟ್ಟಿನಿಂದ ನೇರವಾಗಿ ಟಾಟಾ ಅವರಿಗೇ ಒಂದು ಕಾರ್ಡು ಬರೆದರು. ಸಂದರ್ಶನಕ್ಕೆ ಕರೆ ಬಂದಿತು, ಕೆಲಸವೂ ದೊರೆಯಿತು. ಟಪಾಲು ಹೊತ್ತು ಉದ್ಯಮ ಕಟ್ಟಿದವರ ಕಚೇರಿಯಲ್ಲಿ ಒಬ್ಬ ವಿದ್ಯಾರ್ಥಿನಿಯ ಕಾರ್ಡು ಕಸದ ಬುಟ್ಟಿಯನ್ನು ಸೇರಲಿಲ್ಲ.

1978ರ ಜನವರಿ 1ರಂದು ಏರ್ ಇಂಡಿಯಾದ ವಿಮಾನವೊಂದು ಮುಂಬಯಿಯ ಸಮುದ್ರಕ್ಕೆ ಬಿದ್ದು 213 ಜನ ಮಡಿದರು. ಮುಂದಿನ ತಿಂಗಳು ಮೊರಾರ್ಜಿ ದೇಸಾಯಿಯವರ ಸರಕಾರ ಟಾಟಾ ಅವರನ್ನು ಅಧ್ಯಕ್ಷಪದದಿಂದ ಇಳಿಸಿತು. ಸುದ್ದಿಯು ಅವರಿಗೆ ಮೊದಲು ತಿಳಿದುದು ಬೇರೆಯವರ ಬಾಯಿಂದ. 1980ರಲ್ಲಿ ಆಡಳಿತ ಮಂಡಳಿಗೆ ಮರಳಿ ಕರೆದಾಗ ಅಭಿಮಾನವನ್ನು ಬದಿಗಿಟ್ಟು ಹೋದರು. 1982ರಲ್ಲಿ, 78ನೆಯ ವಯಸ್ಸಿನಲ್ಲಿ, ಮೊದಲ ಹಾರಾಟದ 50ನೆಯ ವರ್ಷದ ನೆನಪಿಗೆ ಕರಾಚಿಯಿಂದ ಮುಂಬಯಿಗೆ ಮತ್ತೆ ತಾವೇ ವಿಮಾನ ನಡೆಸಿದರು. ಬೆಂಗಳೂರಿನ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆ 1988ರಲ್ಲಿ ಅವರ ಪ್ರೇರಣೆಯಿಂದ ಸ್ಥಾಪನೆಯಾಯಿತು. 1992ರಲ್ಲಿ ಭಾರತರತ್ನ ಬಂದಿತು. 1993ರ ನವೆಂಬರ್ 29ರಂದು ಜಿನೀವಾದಲ್ಲಿ ಅವರು ಕಾಲವಾದರು.

ಹಣವಂತರ ಮನೆಯವನಿಗೆ ಔದಾರ್ಯ ಸುಲಭವೆಂದು ಮಿತ್ರರೊಬ್ಬರು ನನ್ನೊಡನೆ ವಾದಿಸಿದರು. ಆ ಮಾತಿನಲ್ಲಿ ಸ್ವಲ್ಪ ಸತ್ಯವಿಲ್ಲದಿಲ್ಲ. ಆದರೆ ವೇಳೆಗೆ ಸರಿಯಾಗಿ ಟಪಾಲು ಮುಟ್ಟಿಸುವುದಕ್ಕೆ, ಶೌಚಾಲಯವನ್ನು ಶುಚಿಯಾಗಿಡುವುದಕ್ಕೆ ಔದಾರ್ಯ ಬೇಕಿಲ್ಲ, ಶ್ರದ್ಧೆ ಬೇಕು. ಅವರ ತರುವಾಯ ಏರ್ ಇಂಡಿಯಾ ನಷ್ಟದಲ್ಲಿ ಮುಳುಗಿ, 2022ರ ಜನವರಿ 27ರಂದು ಪುನಃ ಟಾಟಾ ಸಂಸ್ಥೆಗೆ ಸೇರಿತು. ಒಡೆತನ ಕೈಯಿಂದ ಕೈಗೆ ಸಾಗಬಹುದು. ಶ್ರದ್ಧೆಯನ್ನು ಹಾಗೆ ಬರೆದುಕೊಟ್ಟು ಮಾರಲಾಗದು. ನಾಳೆ ಗಿರಣಿಯಲ್ಲಿಯೋ ಕಚೇರಿಯಲ್ಲಿಯೋ ಶಾಲೆಯಲ್ಲಿಯೋ, ನಮ್ಮದಲ್ಲದ ಸಂಸ್ಥೆಗಳಲ್ಲಿ ದುಡಿಯಲಿರುವ ನಾವು ಟಾಟಾ ಅವರಿಂದ ಕಲಿಯಬೇಕಾದುದು ಇದನ್ನೇ.