ಜಾಂಬೆಜಿ ನದಿಯ ಪಯಣಿಗ ಡಾ. ಡೇವಿಡ್ ಲಿವಿಂಗ್‌ಸ್ಟನ್

ನಮ್ಮ ಸಿಂಧನೂರು, ಲಿಂಗಸುಗೂರು, ಮಸ್ಕಿ ಸೀಮೆ ಕೃಷ್ಣಾ ಮತ್ತು ತುಂಗಭದ್ರಾ ನಡುವಿನ ದೋಆಬ್ ಪ್ರದೇಶ. ನದಿಯ ಬೆಲೆ ನಮಗೆ ಗೊತ್ತು. ಆಫ್ರಿಕಾದ ಒಂದು ಮಹಾನದಿಯ ಜಾಡು ಹಿಡಿದು ನಡೆದ ಡಾ. ಡೇವಿಡ್ ಲಿವಿಂಗ್‌ಸ್ಟನ್ ಅವರ ಜೀವನವನ್ನು ನಮ್ಮ ವಿದ್ಯಾರ್ಥಿಗಳು ತಿಳಿಯಬೇಕು.

ಇವರು 1813ರ ಮಾರ್ಚ್ 19ರಂದು ಸ್ಕಾಟ್ಲೆಂಡಿನ ಬ್ಲಾಂಟೈರ್ ಎಂಬಲ್ಲಿ ಬಡ ಕುಟುಂಬದಲ್ಲಿ ಜನಿಸಿದರು. 10ನೇ ವಯಸ್ಸಿಗೆ ಹತ್ತಿ ಗಿರಣಿಗೆ ಸೇರಿದರು. ಮುಂಜಾನೆ 6ರಿಂದ ರಾತ್ರಿ 8ರವರೆಗೆ ದುಡಿದು, ನಂತರ ರಾತ್ರಿ ಶಾಲೆಗೆ ಹೋಗುತ್ತಿದ್ದರು. ನೂಲುವ ಯಂತ್ರದ ಮೇಲೆಯೇ ಪುಸ್ತಕವಿಟ್ಟು ಓದುತ್ತಿದ್ದರು. ಹೀಗೆ ಕಲಿತು ವೈದ್ಯರಾದರು. ಕ್ರೈಸ್ತ ಮಿಷನರಿಯಾಗಿ 1841ರಲ್ಲಿ ದಕ್ಷಿಣ ಆಫ್ರಿಕಾ ತಲುಪಿದರು. ಗುಲಾಮರ ವ್ಯಾಪಾರ ಕಂಡು ಅವರ ಮನಸ್ಸು ನೊಂದಿತು. ಒಳನಾಡಿಗೆ ಜಲಮಾರ್ಗ ಸಿಕ್ಕು ನ್ಯಾಯದ ವ್ಯಾಪಾರ ಬೆಳೆದರೆ ಮನುಷ್ಯರ ಮಾರಾಟ ನಿಲ್ಲುತ್ತದೆ ಎಂದು ಅವರು ನಂಬಿದರು.

1853ರ ನವೆಂಬರ್‌ನಲ್ಲಿ ಮಕೊಲೊಲೊ ದೊರೆ ಸೆಕೆಲೆಟು ಕೊಟ್ಟ 27 ಜನರೊಂದಿಗೆ ದೋಣಿಗಳಲ್ಲಿ ಜಾಂಬೆಜಿಯ ಮೇಲ್ದಿಕ್ಕಿಗೆ ಹೊರಟರು. ಜ್ವರದಿಂದ ಬಳಲುತ್ತಲೇ 1854ರ ಮೇ 31ರಂದು ಪಶ್ಚಿಮ ಕರಾವಳಿಯ ಲುವಾಂಡಾ ಸೇರಿದರು. ಅಲ್ಲಿ ಸ್ವದೇಶಕ್ಕೆ ಮರಳಲು ಹಡಗು ಸಿದ್ಧವಿತ್ತು. ಆದರೆ ಸಂಗಡಿಗರನ್ನು ಅವರ ಊರಿಗೆ ಮುಟ್ಟಿಸುವ ವಾದಾ ಮಾಡಿದ್ದರು. ಹಡಗು ಬಿಟ್ಟು ಕಾಡಿನ ದಾರಿ ಹಿಡಿದರು.

ಮತ್ತೆ ಪೂರ್ವಕ್ಕೆ ಹೊರಟಾಗ 1855ರ ನವೆಂಬರ್‌ನಲ್ಲಿ ದೊಡ್ಡ ಜಲಪಾತವೊಂದನ್ನು ಕಂಡು ವಿಕ್ಟೋರಿಯಾ ರಾಣಿಯ ಹೆಸರಿಟ್ಟರು. ಗುಡುಗುವ ಹೊಗೆ ಎಂಬ ಅರ್ಥದ ಹೆಸರು ಅದಕ್ಕೆ ಮೊದಲೇ ಇತ್ತು. ಎತ್ತರ 108 ಮೀಟರ್. ನಮ್ಮ ಜೋಗದ ಅರ್ಧಕ್ಕಿಂತ ಕಡಿಮೆ. ಅಗಲ ಮಾತ್ರ ಸುಮಾರು 1,700 ಮೀಟರ್! 1856ರ ಮೇ ತಿಂಗಳಲ್ಲಿ ಪೂರ್ವ ಕರಾವಳಿ ತಲುಪಿದರು.

ಅವರಿಂದ ತಪ್ಪೂ ಆಯಿತು. ಹತ್ತಿರದ ದಾರಿಯೆಂದು ನದಿ ಬಿಟ್ಟು ನಡೆದಾಗ ಕಹೋರಾ ಬಾಸಾದ ಬಂಡೆಗಳನ್ನು ನೋಡಲಿಲ್ಲ. 1858ರಲ್ಲಿ ಹಡಗಿನೊಡನೆ ಬಂದಾಗ ಆ ಬಂಡೆಗಳೇ ದಾರಿ ತಡೆದವು. ಕಣ್ಣಾರೆ ನೋಡದ್ದನ್ನು ನಂಬಿದ್ದಕ್ಕೆ ಬೆಲೆ ತೆರಬೇಕಾಯಿತು. ಆದರೂ ಟೆಟೆಯಲ್ಲಿ ಬಿಟ್ಟು ಹೋಗಿದ್ದ ಸಂಗಡಿಗರನ್ನು ಮರೆಯದೆ 1860ರಲ್ಲಿ ಊರಿನತ್ತ ಕರೆದೊಯ್ದರು.

1864ರಲ್ಲಿ ತಮ್ಮ ಸಣ್ಣ ಹಡಗಿನಲ್ಲಿ ಸಮುದ್ರ ದಾಟಿ ಮುಂಬಯಿಗೆ ಬಂದರು. ಗುಲಾಮಗಿರಿಯಿಂದ ಬಿಡುಗಡೆಯಾದ ಚುಮಾ ಎಂಬ ಹುಡುಗನನ್ನು ಅಲ್ಲಿ ಶಾಲೆಗೆ ಸೇರಿಸಿದರು. 1873ರ ಮೇ ತಿಂಗಳಲ್ಲಿ ಇಂದಿನ ಜಾಂಬಿಯಾದಲ್ಲಿ ಲಿವಿಂಗ್‌ಸ್ಟನ್ ನಿಧನರಾದಾಗ ಇದೇ ಚುಮಾ, ಸುಸಿ, ನಾಸಿಕದಲ್ಲಿ ಓದಿದ್ದ ಜೇಕಬ್ ವೇನ್‌ರೈಟ್ ಮತ್ತು ಇತರರು ಅವರ ದೇಹವನ್ನು ಸಾವಿರ ಮೈಲಿಗೂ ಹೆಚ್ಚು ದೂರ ಹೊತ್ತು ಕರಾವಳಿಗೆ ಮುಟ್ಟಿಸಿದರು.

ಅವರ ನಕ್ಷೆಗಳು ಮುಂದೆ ಪರಕೀಯರ ಆಳ್ವಿಕೆಗೂ ದಾರಿಯಾದವು ಎಂಬುದು ನಿಜ. ಆದರೆ ಕೂಲಿಯ ಹುಡುಗ ವಿದ್ಯೆಯಿಂದ ಎಲ್ಲಿಗೆ ಮುಟ್ಟಿದ ನೋಡಿರಿ. ಕೊಟ್ಟ ಮಾತು ಉಳಿಸಿಕೊಂಡವರನ್ನು ಜನ ಕೊನೆಯವರೆಗೂ ಹೊತ್ತು ನಡೆಯುತ್ತಾರೆ.