ಶ್ರೀ ಶರೀಫ ಶಿವಯೋಗಿಗಳು

ಧಾರವಾಡ ಸೀಮೆಯ ಭಜನಾ ಮೇಳಗಳಲ್ಲಿ ಶರಣರ ವಚನಗಳೊಡನೆ ಹಾಡಲ್ಪಡುವ ತತ್ತ್ವಪದಗಳ ಕರ್ತೃಗಳಾದ ಶ್ರೀ ಶರೀಫ ಶಿವಯೋಗಿಗಳ ಹೆಸರನ್ನು ಶ್ರೀಮಠದ ಸದ್ಭಕ್ತರಲ್ಲಿ ಅರಿಯದವರಿಲ್ಲ. ಆದರೆ ಅವರ ಪದಗಳು ನಾಲಗೆಯ ಮೇಲೆ ಆಡುವಷ್ಟು ಸುಲಭವಾಗಿ ಮನಸ್ಸಿಗೆ ಇಳಿಯುವದಿಲ್ಲ. ತಾಳದ ಸೊಗಸಿಗೆ ಮನಸೋತು ಅವುಗಳನ್ನು ಬರಿಯ ವಿನೋದವೆಂದು ಬಗೆಯುವವರೇ ಬಹಳ.

ಶರೀಫರು 1819ರಲ್ಲಿ, ಈಗಿನ ಹಾವೇರಿ ಜಿಲ್ಲೆಗೆ ಸೇರಿದ ಶಿಶುನಾಳ ಗ್ರಾಮದಲ್ಲಿ, ಇಮಾಮ ಸಾಹೇಬರ ಮಗನಾಗಿ ಜನಿಸಿದರು. ತಂದೆಗಳು ಹುಲಗೂರಿನ ಖಾದರಶಾವಲಿ ಸಂತರ ಭಕ್ತರಾಗಿದ್ದರೆಂದೂ ಆ ಪರಂಪರೆಯಲ್ಲಿ ಲಿಂಗದೀಕ್ಷೆಯನ್ನು ಕೊಡುವ ವಾಡಿಕೆಯಿದ್ದಿತೆಂದೂ ಪ್ರತೀತಿಯುಂಟು. ಓದು ಬರಹ ಕಲಿತು ಕೆಲಕಾಲ ಶಾಲಾ ಮಾಸ್ತರರಾಗಿದ್ದ ಶರೀಫರು, ಆ ವೃತ್ತಿಯನ್ನು ಬಿಟ್ಟು ಕಳಸದ ಗೋವಿಂದಭಟ್ಟರ ಪಾದವನ್ನು ಹಿಡಿದರು. ಗುರುಗಳು ಬ್ರಾಹ್ಮಣರು, ಶಿಷ್ಯರು ಮುಸಲ್ಮಾನರು. ಎರಡೂ ಕಡೆಯ ಜನರು ಮೂಗು ಮುರಿದರು. ಗುರುಗಳು ತಮ್ಮ ಜನಿವಾರವನ್ನೇ ಶಿಷ್ಯನ ಕೊರಳಿಗೆ ಹಾಕಿದರೆಂದು ಹೇಳುವರು. ಆ ಪ್ರಸಂಗವನ್ನು ಕುರಿತು ಶರೀಫರೇ ಒಂದು ಪದವನ್ನು ಹಾಡಿರುವದರಿಂದ ಇದನ್ನು ಕೇವಲ ಕಟ್ಟುಕಥೆಯೆಂದು ತಳ್ಳಿಹಾಕಲಾಗದು.

ಸಂಸಾರದ ಸುಖವು ಅವರಿಗೆ ಬಹುಕಾಲ ದಕ್ಕಲಿಲ್ಲ. ಪತ್ನಿಯಾದ ಫಾತಿಮಾ ತೀರಿಕೊಂಡರು. ಮಡದಿಯ ಮರಣವನ್ನು ಕುರಿತ ಅವರ ಪದವನ್ನು ಕೇಳಿದವರಿಗೆ ಮೊದಲು ಆಶ್ಚರ್ಯವಾಗುವದು. ಅಲ್ಲಿ ಗೋಳಾಟವಿಲ್ಲ. ಆಕೆಯೊಡನೆ ಮಾವನ ಮನೆಯ ಹಂಗೂ ಹರಿಯಿತೆಂದು ಲೆಕ್ಕವನ್ನು ತೀರಿಸುವ ಮಾತಷ್ಟೇ ಇದೆ. ಇದನ್ನು ನಿಷ್ಠುರತೆಯೆಂದವರೂ ಉಂಟು. ನನಗೆ ಹಾಗೆ ತೋರುವದಿಲ್ಲ. ಹಂಗು ಹರಿಯಿತೆಂದು ಹಾಡಿ ಹಾಡಿ ಹೇಳಿಕೊಳ್ಳಬೇಕಾದರೆ ಆ ಮೋಹವು ಎಷ್ಟು ಬಲವಾಗಿದ್ದಿತೆಂಬುದನ್ನು ಮಡದಿಯನ್ನು ಕಳೆದುಕೊಂಡವರೇ ಬಲ್ಲರು. ಮಾಳಿಗೆ ಸೋರುವ ಮನೆಯೆಂದು ದೇಹವನ್ನು ಬಣ್ಣಿಸಿದವರೂ ಇವರೇ. ಮಣ್ಣಿನ ಮಾಳಿಗೆಯ ಕೆಳಗೆ ಒಂದು ಮಳೆಗಾಲವನ್ನು ಕಳೆದ ನಮ್ಮ ಕಡೆಯ ಒಕ್ಕಲಿಗನಿಗೆ ಇದಕ್ಕೆ ಟೀಕೆಯು ಬೇಕಿಲ್ಲ. ಅವರ ಕೊನೆಗಾಲದಲ್ಲಿ, 1880ರ ದಶಕದಲ್ಲಿ, ಹುಬ್ಬಳ್ಳಿಗೆ ಹತ್ತಿಯ ಗಿರಣಿಯೂ ರೈಲೂ ಬಂದವು. ಶರೀಫರು ಗಿರಣಿಯನ್ನೂ ಬಿಡದೆ, ಅದರಲ್ಲಿಯೂ ಈ ದೇಹದ ಯಂತ್ರವನ್ನೇ ಕಂಡು ಪದ ಕಟ್ಟಿದರು. ಪಟ್ಟೆಗಾರರ ನೆಲೆಯಾದ ಕಮರಿಪೇಟೆಯ ಜನರಿಗೆ ನೂಲು ಹರಿಯುವದೆಂದರೇನೆಂಬುದನ್ನು ಬೇರೆ ತಿಳಿಸಬೇಕೆ?

ಯುದ್ಧದ ಸುದ್ದಿಯೂ ಅವರಿಗೆ ದೂರದ್ದಾಗಿರಲಿಲ್ಲ. ಕಿತ್ತೂರಿನ ಕದನವು 1824ರಲ್ಲಿ ನಡೆದಾಗ ಅವರು ಐದು ವರ್ಷದ ಬಾಲಕರು. 1858ರಲ್ಲಿ ನರಗುಂದದ ಬಾಬಾಸಾಹೇಬರು ದಂಗೆಯೆದ್ದು ಗಲ್ಲಿಗೇರಿದಾಗ ನಡುವಯಸ್ಸಿನವರು. ಆದರೂ ಅವರ ಪದಗಳಲ್ಲಿ ಕದನದ ಶೋಕವು ಮುಖ್ಯವಾಗಿ ಕೇಳಿಬರುವದು ಮೊಹರಮ್ಮಿನ ರಿವಾಯತುಗಳಲ್ಲಿ. ಕ್ರಿ. ಶ. 680ರಲ್ಲಿ ಕರ್ಬಲಾದ ಮರಳಿನಲ್ಲಿ ನೀರಿಲ್ಲದೆ ಬಳಲಿ ಮಡಿದ ಹುಸೇನರ ಕಥೆಯು, ಅಲಾವಿಯ ಸುತ್ತ ಹೆಜ್ಜೆಯಿಕ್ಕುವ ನಮ್ಮ ಹಳ್ಳಿಗರ ಬಾಯಲ್ಲಿ ಕನ್ನಡದ ಕಥೆಯೇ ಆಯಿತು. ಗೆದ್ದವರ ಹೊಗಳಿಕೆಗೆ ಅಲ್ಲಿ ಎಡೆಯಿಲ್ಲ. ಸತ್ತವರಿಗಾಗಿ ಅಳುವಾಗ ಲಿಂಗವಂತನೂ ಮುಸಲ್ಮಾನನೂ ಒಂದೇ ಸಾಲಿನಲ್ಲಿ ಕುಣಿಯುವರು. ನಂಬಿಕೆಗಾಗಿ ಪ್ರಾಣವನ್ನು ತೆತ್ತವರ ಕಥೆಯು ಕಲ್ಯಾಣದ ಶರಣರ ಹಿಂಸೆಯನ್ನು ಬಲ್ಲ ನಮಗೆ ಪರಕೀಯವೆನಿಸದು.

ಹುಬ್ಬಳ್ಳಿಯ ಶ್ರೀ ಸಿದ್ಧಾರೂಢರು, ಗರಗದ ಮಡಿವಾಳಪ್ಪನವರು, ನವಲಗುಂದದ ನಾಗಲಿಂಗಪ್ಪನವರು, ಇವರೊಡನೆ ಶರೀಫರ ಸಮಾಗಮವಾದ ಕಥೆಗಳು ಅನೇಕ. ಅವುಗಳಲ್ಲಿ ಪವಾಡದ ಅಂಶವು ಹೆಚ್ಚಾಗಿರುವದರಿಂದ ಇಲ್ಲಿ ವಿಸ್ತರಿಸುವದಿಲ್ಲ.

ಅವರು 1889ರಲ್ಲಿ ಲಿಂಗೈಕ್ಯರಾದರು. ಅಂತ್ಯವಿಧಿಯು ಯಾವ ರೀತಿಯಿಂದಾಗಬೇಕೆಂಬ ಪ್ರಶ್ನೆಯು ಎದ್ದಾಗ, ಒಂದು ಕಡೆಗೆ ಕುರಾನಿನ ಪಠಣವೂ ಮತ್ತೊಂದು ಕಡೆಗೆ ಮಂತ್ರಘೋಷವೂ ನಡೆದು ಎರಡೂ ಮತದವರು ಕೂಡಿಯೇ ಮಣ್ಣು ಕೊಟ್ಟರೆಂದು ಹಿರಿಯರು ಹೇಳುತ್ತ ಬಂದಿರುವರು. ಶಿಶುನಾಳದ ಗದ್ದುಗೆಗೆ ಬಂದವರಲ್ಲಿ ಒಬ್ಬರು ಕಾಯಿ ಒಡೆಯಿಸುವರು, ಇನ್ನೊಬ್ಬರು ಸಕ್ಕರೆ ಓದಿಸುವರು.